ನೀರಿನ ಮೇಲೊಂದು ಬಾಡಿಗೆಮನೆ

ಬೇಸಗೆಯ ರಜೆಗೆ ಸಂಸಾರಸಮೇತ ಶ್ರೀನಗರಕ್ಕೆ ಹೊರಡುವವರಿಗೆ ದಲ್ ಸರೋವರದ ದೋಣಿಮನೆಯಲ್ಲಿ ತಂಗುವ ಆಸೆ ಸಹಜವಾದುದು. ಡೋಗ್ರಾ ಅರಸರ ಕಾಲದಲ್ಲಿ ಕಾಶ್ಮೀರದ ನೆಲವನ್ನು ಕೊಳ್ಳುವ ಹಕ್ಕು ಹೊರಗಿನವರಿಗೆ ಇರಲಿಲ್ಲ. ನೆಲ ದೊರೆಯದ ಆಂಗ್ಲರು ನೀರನ್ನೇ ಆಶ್ರಯಿಸಿದರು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಮನೆಗಳು ರೂಪುಗೊಂಡವು.

ಹೆಸರಿಗೆ ದೋಣಿಯಾದರೂ ಇದು ಸಂಚರಿಸುವುದಿಲ್ಲ. ಒಂದೆಡೆ ಬಿಗಿದು ನಿಲ್ಲಿಸಿರುತ್ತಾರೆ. ದೇವದಾರು ಮರದ ಕಟ್ಟಡ. ಮುಂದೆ ಮೊಗಸಾಲೆ, ಒಳಗೆ ಕೂಡುವ ಕೋಣೆ, ಊಟದ ಕೋಣೆ, ಅವುಗಳ ಹಿಂದೆ ಸಾಲಾಗಿ ಮಲಗುವ ಕೋಣೆಗಳು. ಎರಡು ಮೂರು ಸಂಸಾರಗಳು ಕೂಡಿ ಇಡೀ ದೋಣಿಯನ್ನೇ ಹಿಡಿದರೆ ಅನುಕೂಲ. ಹೆಚ್ಚಿನವಕ್ಕೆ ದಡದಿಂದ ಶಿಕಾರಾ ಏರಿಯೇ ಹೋಗಬೇಕು. ಆದುದರಿಂದ ಬಾಡಿಗೆಯಲ್ಲಿ ಶಿಕಾರಾ, ಊಟ, ಬಿಸಿನೀರು ಸೇರಿವೆಯೇ ಎಂಬುದನ್ನು ಮುಂಚೆಯೇ ಬರೆಯಿಸಿಕೊಳ್ಳಿರಿ. ಶಾಕಾಹಾರಿಗಳು ಅಡುಗೆಯ ಮಾತನ್ನೂ ತಿಳಿಸುವುದು ಲೇಸು. ಚಿಕ್ಕ ಮಕ್ಕಳಿದ್ದರೆ ಮೊಗಸಾಲೆಯ ಕಟಕಟೆ ಭದ್ರವಾಗಿದೆಯೇ ನೋಡಿರಿ.

ಇನ್ನೊಂದು ಪ್ರಶ್ನೆಯುಂಟು. ದೋಣಿಮನೆಗಳಿಂದಲೂ ದಡದ ಊರಿನಿಂದಲೂ ಬಂದ ಕೊಳೆನೀರು ಸೇರಿ ಸರೋವರದಲ್ಲಿ ಕಳೆ ಹಬ್ಬಿದೆ. ಇತ್ತೀಚಿನ ವರ್ಷಗಳಲ್ಲಿ ಹಲವು ದೋಣಿಗಳಿಗೆ ಒಳಚರಂಡಿಯ ಸಂಪರ್ಕ ದೊರೆತಿದೆ. ಬಾಡಿಗೆ ಎಷ್ಟೆಂದು ವಿಚಾರಿಸುವ ನಾವು, ಬಚ್ಚಲ ನೀರು ಎಲ್ಲಿಗೆ ಹೋಗುವುದೆಂದೂ ವಿಚಾರಿಸಬೇಕು. ಅತಿಥಿಯು ಕೇಳದ ಪ್ರಶ್ನೆಗೆ ಮಾಲೀಕನು ಉತ್ತರವನ್ನು ಹುಡುಕಲಾರನು.