ನೀಲಿ ಸರೋವರದ ದಡಕ್ಕೆ ಹೊರಡುವ ಮುನ್ನ

ಕಾಶಿ, ಕೇದಾರ, ಶ್ರೀಶೈಲಗಳ ದರ್ಶನ ಮುಗಿಸಿದ ಭಕ್ತರಲ್ಲಿ ಹಲವರು ಈಚೆಗೆ ಲಡಾಖಿನತ್ತ ಮುಖ ಮಾಡುತ್ತಿದ್ದಾರೆ. ಮಕ್ಕಳು ಪ್ರೀತಿಯಿಂದ ವಿಮಾನದ ಟಿಕೆಟ್ ತೆಗೆಸಿಕೊಡುತ್ತಾರೆ. ದೆಹಲಿಯಲ್ಲಿ ವಿಮಾನವೇರಿದರೆ ಒಂದೂವರೆ ತಾಸಿನೊಳಗೆ ಲೇಹ್. ಅಲ್ಲಿಂದ ಎಲ್ಲರ ಮನಸ್ಸೂ ಹಾರುವುದು ಪ್ಯಾಂಗಾಂಗ್ ಸರೋವರಕ್ಕೆ. 2009ರಲ್ಲಿ ಬಂದ ‘ತ್ರೀ ಈಡಿಯಟ್ಸ್’ ಚಲನಚಿತ್ರ ಅದರ ದಡವನ್ನು ಮನೆಮನೆಗೆ ಪರಿಚಯಿಸಿತು. ನೋಡಬೇಕಾದ ತಾಣವೇ ಸರಿ. ಆದರೆ ಅದನ್ನು ನೋಡಲು ಹಣ, ಉತ್ಸಾಹಗಳಿಗಿಂತ ಹೆಚ್ಚಾಗಿ ಬೇಕಾಗುವುದು ಬಿಡುವು.

ಸರೋವರದ ಉದ್ದ ಸುಮಾರು 134 ಕಿಲೋಮೀಟರ್. ಅದರ ಪಶ್ಚಿಮದ ತುದಿ ಮಾತ್ರ ನಮ್ಮ ಕಡೆಗಿದೆ. ಒಳಬಂದ ನೀರಿಗೆ ಹೊರಹೋಗುವ ದಾರಿಯಿಲ್ಲವಾಗಿ ಅದು ಉಪ್ಪುಪ್ಪಾಗಿದೆ. ಆದರೂ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಸ್ಪಾಂಗ್‌ಮಿಕ್ ಹಳ್ಳಿಯ ಬಳಿ ಮರಳು, ಬೆಣಚುಕಲ್ಲುಗಳ ದಡದಲ್ಲಿ ನಿಂತಾಗ ನಾವು ಕಂಡ ನೀಲಿಯನ್ನು ಒಂದು ಬಣ್ಣವೆಂದು ಹೇಳಲಾಗದು. ದಡದಂಚಿನಲ್ಲಿ ನೀರು ಗಾಜಿನಂತೆ ತಿಳಿ, ಆಚೆಗೆ ನವಿಲಿನ ಕೊರಳು, ಇನ್ನೂ ಆಚೆ ಗಾಢ ನೀಲಿ; ಮೋಡವೊಂದು ಹಾದರೆ ಇಡೀ ನೀರು ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಎದುರಿನ ಬೆಟ್ಟಗಳಲ್ಲಿ ಒಂದು ಮರವೂ ಇಲ್ಲ. ಅಲ್ಲಿನ ಮೌನದಲ್ಲಿ ಕುಳಿತವರಿಗೆ ಧ್ಯಾನವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ನಾಡಿನ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ 2,000 ಮೀಟರನ್ನೂ ಮುಟ್ಟುವುದಿಲ್ಲ. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಸರೋವರ 4,200 ಮೀಟರಿಗೂ ಮೇಲೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ನೂರಕ್ಕೆ ಇಪ್ಪತ್ತೊಂದರಷ್ಟೇ. ಆದರೆ ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುವುದರಿಂದ ಸರೋವರದ ದಡದಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕವು ಕಡಲತೀರದಲ್ಲಿ ದೊರೆಯುವುದರ ಐದನೆಯ ಮೂರು ಪಾಲಿನಷ್ಟು ಮಾತ್ರ. ಇದಕ್ಕೆ ಹೊಂದಿಕೊಳ್ಳುವ ಶಕ್ತಿ ದೇಹಕ್ಕಿದೆ. ಉಸಿರು ವೇಗವಾಗುತ್ತದೆ, ರಕ್ತ ನಿಧಾನವಾಗಿ ಮಾರ್ಪಾಡು ಹೊಂದುತ್ತದೆ. ಇದಕ್ಕೆ ದಿನಗಳೇ ಬೇಕು. ನಿತ್ಯ ಐದು ಮೈಲಿ ನಡೆಯುವವರಿಗೂ, ಹತ್ತು ವರ್ಷ ಯೋಗಾಭ್ಯಾಸ ಮಾಡಿದವರಿಗೂ ಇದರಲ್ಲಿ ರಿಯಾಯಿತಿಯಿಲ್ಲ. ಗಟ್ಟಿಮುಟ್ಟಾದ ತರುಣರೇ ಅವಸರಪಟ್ಟು ಮೊದಲು ಮಲಗುವುದುಂಟು.

ತಲೆನೋವು ಮೊದಲ ಸೂಚನೆ. ಜೊತೆಗೆ ಊಟ ಸೇರದಿರುವುದು, ವಾಕರಿಕೆ, ತಲೆಸುತ್ತು, ಅತಿಯಾದ ಆಯಾಸ, ನಿದ್ರೆಯಿಲ್ಲದಿರುವುದು ಮೇಲೇರಿದ ಕೆಲವು ತಾಸುಗಳಲ್ಲಿ ಕಾಣಿಸಿಕೊಳ್ಳಬಹುದು. ಇಷ್ಟೇ ಆದರೆ ಭಯವಿಲ್ಲ. ಇದ್ದಲ್ಲಿಯೇ ವಿಶ್ರಮಿಸಿದರೆ ಒಂದೆರಡು ದಿನಗಳಲ್ಲಿ ಶಮನವಾಗುತ್ತದೆ. ಈ ಸೂಚನೆಗಳಿರುವಾಗ ಇನ್ನೂ ಮೇಲೇರುವುದೇ ಅಪಾಯ. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ನೊರೆಗಫ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೆಂದು ತಿಳಿಯಬೇಕು. ನಡಿಗೆ ತೂರಾಡಿದರೆ, ಮಾತು ಗೊಂದಲವಾದರೆ ಮಿದುಳು ಬಾತಿರಬಹುದು. ಇವೆರಡೂ ಪ್ರಾಣಕ್ಕೆ ಎರವಾಗುವಂಥವು. ಬೆಳಗಾಗಲೆಂದು ಕಾಯದೆ ಆಮ್ಲಜನಕ ಕೊಟ್ಟು, ರೋಗಿಯನ್ನು ಕೆಳಗಿಳಿಸಿ ಆಸ್ಪತ್ರೆ ಸೇರಿಸಬೇಕು.

ಇಲ್ಲಿಯೇ ಪ್ಯಾಂಗಾಂಗಿನ ಒಂದು ತೊಡಕಿದೆ. ಪ್ರವಾಸದ ಕರಪತ್ರಗಳು ಇದನ್ನು ಹೇಳುವುದಿಲ್ಲ. ಲೇಹ್‌ನಿಂದ ಸರೋವರಕ್ಕೆ ಹೋಗುವ ಬಳಕೆಯ ದಾರಿ ಛಾಂಗ್ ಲಾ ಕಣಿವೆಯನ್ನು ದಾಟುತ್ತದೆ. ಅದರ ಎತ್ತರ ಸುಮಾರು 5,360 ಮೀಟರ್. ಸರೋವರದ ದಡದ ಡೇರೆಯಲ್ಲಿ ನಡುರಾತ್ರಿ ಉಸಿರು ಕಟ್ಟಿದವರನ್ನು ಲೇಹ್‌ಗೆ ಇಳಿಸಬೇಕಾದರೆ, ಮೊದಲು ಅವರನ್ನು ಸಾವಿರ ಮೀಟರಿಗೂ ಹೆಚ್ಚು ಮೇಲಕ್ಕೆ ಹತ್ತಿಸಬೇಕು! ಆದ್ದರಿಂದ ದೇಹದ ಪರೀಕ್ಷೆ ಲೇಹ್‌ನಲ್ಲಿಯೇ ಮುಗಿಯಬೇಕು. ಅಲ್ಲಿ ಕನಿಷ್ಠ ಎರಡು, ಹಿರಿಯರಾದರೆ ಮೂರು ರಾತ್ರಿ ತಂಗಬೇಕು. ಮೊದಲ ದಿನವಂತೂ ಕೋಣೆಯಲ್ಲಿಯೇ ವಿಶ್ರಾಂತಿ. ತಲೆನೋವಿಲ್ಲದೆ ಎದ್ದ ದಿನವೇ ಸರೋವರಕ್ಕೆ ಹೊರಡಬೇಕು. ದಡದಲ್ಲಿ ರಾತ್ರಿ ಕಳೆಯುವ ಆಸೆ ಸಹಜವಾದರೂ, ಅರವತ್ತು ದಾಟಿದವರು ಅದೇ ದಿನ ಹಿಂದಿರುಗುವುದು ಲೇಸೆಂಬುದು ನಮ್ಮ ಅಭಿಪ್ರಾಯ. ನಿದ್ರೆಯಲ್ಲಿ ರಕ್ತದ ಆಮ್ಲಜನಕ ಇನ್ನೂ ಇಳಿಯುತ್ತದೆ.

ನಾವು ಹೋದ ತಂಡದಲ್ಲಿದ್ದ ಹಿರಿಯರೊಬ್ಬರು ಮೂರನೆಯ ದಿನ ಬೆಳಿಗ್ಗೆ ಹಣೆ ಹಿಡಿದುಕೊಂಡೇ ಗಾಡಿ ಹತ್ತಿದರು. ಕೇಳಿದರೆ, “ಏನೂ ಇಲ್ಲ ಬಿಡ್ರಿ, ನಿದ್ದಿ ಕಡಿಮಿ ಆಗೈತಿ” ಎಂದರು. ಸೊಸೆ ಬಿಡಲಿಲ್ಲ: “ಮಾವಾರ, ರಾತ್ರಿ ನೀವು ರೊಟ್ಟಿ ಮುಟ್ಟೇ ಇಲ್ಲ.” ತಮ್ಮಿಂದ ಹನ್ನೊಂದು ಜನರ ಪ್ರವಾಸ ಕೆಡಬಾರದೆಂಬುದು ಅವರ ಸಂಕೋಚ. ಸೊಸೆ ಅವರೊಡನೆ ಲೇಹ್‌ನಲ್ಲಿಯೇ ಉಳಿದರು. ಎರಡು ದಿನಗಳ ನಂತರ ಇಬ್ಬರೂ ಬೇರೆ ಗಾಡಿಯಲ್ಲಿ ಹೋಗಿ ಸರೋವರ ನೋಡಿ ಬಂದರು. ಇಂಥ ಸಂಕೋಚ ನಮ್ಮ ಮನೆತನಗಳಲ್ಲಿ ಬಹಳ. ಆದ್ದರಿಂದ ಹಿರಿಯರನ್ನು ಕರೆದೊಯ್ಯುವವರು ಒಂದು ದಿನವನ್ನಾದರೂ ಖಾಲಿ ಇಟ್ಟುಕೊಂಡೇ ಟಿಕೆಟ್ ತೆಗೆಸಬೇಕು.

ಭಕ್ತರು ಕೇಳುವ ಕೆಲವು ಪ್ರಶ್ನೆಗಳಿವೆ. ಕರ್ಪೂರ ಮೂಸಿದರೆ ಉಸಿರಾಟ ಸರಾಗವಾಗುವುದೇ? ಮೂಗಿಗೆ ತಂಪೆನಿಸುತ್ತದೆ, ರಕ್ತಕ್ಕೆ ಆಮ್ಲಜನಕ ಹೆಚ್ಚುವುದಿಲ್ಲ. ಕರ್ಪೂರ ಆರತಿಗೇ ಇರಲಿ. ಲಿಂಗಪೂಜೆಗೆ ಮುನ್ನ ತಣ್ಣೀರ ಸ್ನಾನ ಬೇಡ. ಬಿಸಿಲೇರಿದ ಮೇಲೆ ಬಿಸಿನೀರು, ಇಲ್ಲವೆ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡರೂ ಸಾಕು. ಸರೋವರದಲ್ಲಿ ಮುಳುಗು ಹಾಕುವ ಸಾಹಸ ಬೇಡವೇ ಬೇಡ. ಆ ಶೀತಲ ನೀರು ಎದೆಗೆ ಹಠಾತ್ ಆಘಾತ ನೀಡಬಲ್ಲದು. ಉಸಿರು ಬಿಗಿಹಿಡಿಯುವ ಪ್ರಾಣಾಯಾಮವನ್ನು ಊರಿಗೆ ಮರಳಿದ ಮೇಲೆ ಮುಂದುವರಿಸಬಹುದು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಒಲೆ ಇಟ್ಟುಕೊಂಡು ಮಲಗಬಾರದು. ಅದರ ವಿಷಾನಿಲಕ್ಕೆ ವಾಸನೆಯಿಲ್ಲ.

ಅಲ್ಲಿ ನೀರು ಸುಮಾರು 86 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವುದರಿಂದ ಕುಕ್ಕರಿಲ್ಲದೆ ಅನ್ನ, ಬೇಳೆ ಸರಿಯಾಗಿ ಬೇಯುವುದಿಲ್ಲ. ಮೆತ್ತನೆಯ ಗಂಜಿ, ಅವಲಕ್ಕಿ, ಬೆಲ್ಲ ಹಿತ. ಕರಿದ ತಿಂಡಿ ಹಿಡಿಸುವುದಿಲ್ಲ. ಅಂದು ಉಪವಾಸವೂ ಬೇಡ. ಬಿಸಿಲು ತೀಕ್ಷ್ಣವಾಗಿರುವುದರಿಂದ ಕಪ್ಪು ಕನ್ನಡಕ, ತಲೆಗೆ ವಸ್ತ್ರ ಇರಲಿ. ಇನ್ಸುಲಿನ್ ಹೆಪ್ಪುಗಟ್ಟದಂತೆ ಮೈಗೆ ತಾಗಿಸಿ ಒಳಜೇಬಿನಲ್ಲಿಟ್ಟುಕೊಳ್ಳಬೇಕು. ಎತ್ತರದ ಬಾಧೆಗೆ ಮುಂಚೆಯೇ ಸೇವಿಸುವ ಅಸಿಟಜೋಲಮೈಡ್ ಗುಳಿಗೆಯುಂಟು; ಸಲ್ಫಾ ಔಷಧ ಒಗ್ಗದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು, ಅಂಗಡಿಯಿಂದ ನೇರವಾಗಿ ಕೊಂಡು ನುಂಗಬಾರದು. ನಿದ್ರೆ ಮಾತ್ರೆ ಸಲ್ಲದು.

ಇತ್ತೀಚೆಗೆ ಹೃದಯಾಘಾತವಾದವರು, ಹೃದಯ ದುರ್ಬಲವಾದವರು, ತೀವ್ರ ಶ್ವಾಸಕೋಶದ ರೋಗವಿರುವವರು ಹೋಗದಿರುವುದೇ ಕ್ಷೇಮ. ಗರ್ಭಿಣಿಯರು ವೈದ್ಯರನ್ನು ಕೇಳದೆ ಹೊರಡಬಾರದು. ಹಾಗೆ ಮನೆಯಲ್ಲೇ ಉಳಿದವರಿಗೆ ಒಂದು ಮಾತು. ಲಡಾಖಿನ ಸರೋವರಗಳಲ್ಲಿ ಮರಿಮಾಡುವ ಪಟ್ಟೆತಲೆ ಹೆಬ್ಬಾತಿನ ರಕ್ತಕ್ಕೆ ತೆಳುಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ಗುಣ ಹುಟ್ಟಿನಿಂದಲೇ ಬಂದಿದೆ. ಆ ಜಾತಿಯ ಹಕ್ಕಿಗಳು ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ನಮ್ಮ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಸಾವಿರಾರು ಸಂಖ್ಯೆಯಲ್ಲಿ ಬಂದಿಳಿಯುತ್ತವೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಹೊತ್ತು ಹೋದರೆ ಏರಿಯ ಮೇಲೆ ಕುಳಿತೇ ಅವುಗಳನ್ನು ನೋಡಬಹುದು.