ಹಳೆಯ ಬೇಸ್ ಗಿಟಾರ್: ಬಿಚ್ಚುವ ಮುನ್ನ ಅಳೆಯಿರಿ

ಗಾಯನ ಮಂಡಳಿಯಲ್ಲಿ ಕೀಬೋರ್ಡ್ ನುಡಿಸುವವರನ್ನು ಎಲ್ಲರೂ ಗುರುತಿಸುತ್ತಾರೆ. ಮೂಲೆಯಲ್ಲಿ ನಿಂತು ನಾಲ್ಕು ತಂತಿಯ ಬೇಸ್ ಗಿಟಾರ್ ನುಡಿಸುವವರತ್ತ ಯಾರ ಗಮನವೂ ಹೋಗುವುದಿಲ್ಲ. ಆದರೆ ಅವರು ಒಂದು ದಿನ ಬಾರದಿದ್ದರೆ ಹಾಡಿಗೆ ತಳಪಾಯವೇ ಇಲ್ಲವೆನಿಸುತ್ತದೆ.

ಹಳೆಯ ಬೇಸ್ ಗಿಟಾರ್ ಒಂದು ಕೈಗೆ ಸಿಕ್ಕಿದಾಗ ತಂತಿ ತುಕ್ಕು ಹಿಡಿದಿರುತ್ತದೆ, ಶ್ರುತಿ ನಿಲ್ಲುವುದಿಲ್ಲ, ಗುಂಡಿ ತಿರುಗಿಸಿದರೆ ಕರಕರ ಸದ್ದು. ಹೊಸ ಬಣ್ಣ ಬಳಿದು, ಒಳಗಿನ ಭಾಗಗಳನ್ನೆಲ್ಲ ಬದಲಿಸೋಣ ಎಂದು ಹೊರಡುವವರೇ ಹೆಚ್ಚು. ಇಲ್ಲಿಯೇ ತಪ್ಪುವುದು. ಹಳೆಯ ವಾದ್ಯದ ಹೆಚ್ಚಿನ ದೋಷಗಳು ಸ್ಕ್ರೂವಿನ ಒಂದು ಸಣ್ಣ ತಿರುವಿನಿಂದ ಸರಿಯಾಗುತ್ತವೆ. ಅವಸರದಲ್ಲಿ ಮಾಡಿದ ಹಾನಿಯನ್ನು ಮಾತ್ರ ಸರಿಪಡಿಸಲಾಗದು.

ವಾದ್ಯದ ಹಿನ್ನೆಲೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಅವರು 1951ರಲ್ಲಿ 'ಪ್ರಿಸಿಷನ್ ಬೇಸ್' ಎಂಬ ವಾದ್ಯವನ್ನು ಹೊರತಂದರು. ಅದುವರೆಗೆ ವಾದ್ಯವೃಂದಗಳಲ್ಲಿ ಆಳೆತ್ತರದ ಡಬಲ್ ಬೇಸ್ ಬಳಕೆಯಲ್ಲಿತ್ತು. ಅದಕ್ಕೆ ಫ್ರೆಟ್ ಪಟ್ಟಿಗಳಿರಲಿಲ್ಲ. ಬೆರಳು ಸರಿಯಾದ ಜಾಗದಲ್ಲಿ ಬಿದ್ದರೆ ಮಾತ್ರ ಸ್ವರ ಸರಿಯಾಗುತ್ತಿತ್ತು. ಫ್ರೆಟ್ ಇರುವುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತದೆ ಎಂಬುದೇ ಈ ಹೆಸರಿನ ಅರ್ಥ. ತಂತಿ ಮಿಡಿಯುವ ಉದ್ದ 34 ಇಂಚು, ಅಂದರೆ ಸುಮಾರು 86 ಸೆಂಟಿಮೀಟರ್. ಶ್ರುತಿ ದಪ್ಪ ತಂತಿಯಿಂದ ಕ್ರಮವಾಗಿ ಇ, ಎ, ಡಿ, ಜಿ. 1957ರಲ್ಲಿ ಇದಕ್ಕೆ ಎರಡು ತುಂಡಿನ ಪಿಕಪ್ ಬಂತು. 1960ರಲ್ಲಿ ಅದೇ ಸಂಸ್ಥೆಯ 'ಜಾಝ್ ಬೇಸ್' ಬಂತು. ಡೆಟ್ರಾಯಿಟ್‌ನ ಮೋಟೌನ್ ಧ್ವನಿಮುದ್ರಿಕೆಗಳಲ್ಲಿ ಜೇಮ್ಸ್ ಜೇಮರ್ಸನ್ ಅವರು 1962ರ ಪ್ರಿಸಿಷನ್ ಬೇಸ್ ನುಡಿಸಿ ಹೆಸರಾದರು.

ಈ ಲೇಖನಕ್ಕೆ ಪ್ರಿಸಿಷನ್ ಬೇಸನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಕೆಲಸದ ಕ್ರಮ ಬೇರೆ ಹಳೆಯ ಬೇಸ್‌ಗಳಿಗೂ ಬಹುಮಟ್ಟಿಗೆ ಇದೇ.

ಮೊದಲು ದಾಖಲೆ

ಯಾವ ಸ್ಕ್ರೂ ಮುಟ್ಟುವ ಮೊದಲೂ ವಾದ್ಯದ ನಾಲ್ಕೂ ಕಡೆಯ ಫೋಟೋ ತೆಗೆಯಿರಿ. ತಂತಿಯ ದಪ್ಪ, ಎತ್ತರ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಅನಂತರ ಮೊದಲಿದ್ದ ದಪ್ಪದ್ದೇ ಹೊಸ ತಂತಿಗಳನ್ನು ಒಂದೊಂದಾಗಿ ಹಾಕಿ ಶ್ರುತಿ ಮಾಡಿ. ತಂತಿಯನ್ನು ಕತ್ತರಿಸುವ ಮೊದಲು ಬಗ್ಗಿಸಬೇಕು, ಇಲ್ಲವಾದರೆ ಮೇಲೆ ಸುತ್ತಿದ ಲೋಹದ ಎಳೆ ಸಡಿಲವಾಗುತ್ತದೆ. ಹಳೆಯ ತಂತಿಯಲ್ಲಿ ಅಥವಾ ಶ್ರುತಿಯಿಲ್ಲದೆ ಮಾಡಿದ ಅಳತೆಗೆ ಅರ್ಥವಿಲ್ಲ.

ಮುಂದಿನ ಮೂರು ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡಬೇಕು. ಒಂದನ್ನು ಬದಲಿಸಿದರೆ ಅದರ ನಂತರದ್ದೂ ಬದಲಾಗುತ್ತದೆ.

1. ನೆಕ್‌ನ ಬಾಗು: ಒಂದೊಂದು ತಂತಿಯೂ ಸುಮಾರು 16ರಿಂದ 20 ಕಿಲೋದಷ್ಟು ಬಲದಿಂದ ನೆಕ್ಕನ್ನು ಮುಂದಕ್ಕೆ ಎಳೆಯುತ್ತದೆ. ಮರದೊಳಗಿರುವ 'ಟ್ರಸ್ ರಾಡ್' ಎಂಬ ಉಕ್ಕಿನ ಸರಳು ಅದನ್ನು ಹಿಂದಕ್ಕೆ ಹಿಡಿದಿಡುತ್ತದೆ. ವಾದ್ಯವನ್ನು ನುಡಿಸುವ ಭಂಗಿಯಲ್ಲಿ ಹಿಡಿದು, ದಪ್ಪ ತಂತಿಯನ್ನು ಮೊದಲನೆಯ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ಒತ್ತಿ. ಏಳನೆಯ ಅಥವಾ ಎಂಟನೆಯ ಫ್ರೆಟ್‌ನ ಮೇಲೆ ಸುಮಾರು 0.35 ಮಿಲಿಮೀಟರ್, ಅಂದರೆ ಒಂದು ದಪ್ಪ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು. ಸಂದು ಹೆಚ್ಚಾದರೆ ರಾಡಿನ ನಟ್ಟನ್ನು ಬಲಕ್ಕೆ, ಕಡಿಮೆಯಾದರೆ ಎಡಕ್ಕೆ ತಿರುಗಿಸಬೇಕು.

1950 ಮತ್ತು 60ರ ದಶಕಗಳ ಪ್ರಿಸಿಷನ್ ಬೇಸ್‌ನಲ್ಲಿ ಈ ನಟ್ಟು ನೆಕ್‌ನ ಬುಡದಲ್ಲಿದೆ. ತಂತಿ ಸಡಿಲಿಸಿ, ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿ, ನೆಕ್ಕನ್ನು ಎತ್ತಿಯೇ ತಿರುಗಿಸಬೇಕು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮತ್ತೆ ಜೋಡಿಸಿ, ಶ್ರುತಿ ಮಾಡಿ, ಅಳೆಯಿರಿ. ನಟ್ಟು ತಿರುಗದೆ ಬಿಗಿಯಾಗಿದ್ದರೆ ಬಲ ಹಾಕದೆ ಅನುಭವಿಗಳ ಬಳಿಗೆ ಒಯ್ಯಿರಿ. ರಾಡ್ ಮುರಿದರೆ ನೆಕ್ಕನ್ನೇ ಸೀಳಬೇಕಾದೀತು. ಸ್ಕ್ರೂಗಳನ್ನು ಮರಳಿ ಹಾಕುವಾಗ ಮೊದಲು ಎಡಕ್ಕೆ ಮೆಲ್ಲನೆ ತಿರುಗಿಸಿ. 'ಟಕ್' ಎಂದು ಹಳೆಯ ಜಾಡಿಗೆ ಇಳಿದ ಮೇಲೆ ಬಿಗಿ ಮಾಡಿ. ಆಗ ಮರದ ರಂಧ್ರ ಸವೆಯುವುದಿಲ್ಲ.

2. ತಂತಿಯ ಎತ್ತರ: ಹದಿನೇಳನೆಯ ಫ್ರೆಟ್‌ನ ಮೇಲ್ಮೈಯಿಂದ ತಂತಿಯ ಕೆಳಭಾಗಕ್ಕೆ ದಪ್ಪ ತಂತಿಯಲ್ಲಿ ಸುಮಾರು 2.8, ತೆಳು ತಂತಿಯಲ್ಲಿ ಸುಮಾರು 2.4 ಮಿಲಿಮೀಟರ್ ಇರಲಿ. ಬ್ರಿಡ್ಜ್ ಮೇಲಿನ ಸ್ಯಾಡಲ್‌ಗಳ ಸಣ್ಣ ಸ್ಕ್ರೂಗಳಿಂದ ಇದನ್ನು ಹೊಂದಿಸಬೇಕು. ಅಮೆರಿಕದ ಹಳೆಯ ವಾದ್ಯಗಳ ಸ್ಕ್ರೂಗಳು ಇಂಚಿನ ಅಳತೆಯವು. ಸರಿಹೊಂದದ ಉಪಕರಣ ಹಾಕಿದರೆ ತಲೆ ಸವೆದುಹೋಗುತ್ತದೆ. ತುಕ್ಕು ಹಿಡಿದಿದ್ದರೆ ಒಂದು ಹನಿ ತುಕ್ಕುಬಿಡಿಸುವ ಎಣ್ಣೆ ಬಿಟ್ಟು ಒಂದು ದಿನ ಕಾಯಿರಿ.

3. ಸ್ವರದ ನಿಖರತೆ: ಹನ್ನೆರಡನೆಯ ಫ್ರೆಟ್‌ನ ನೇರಕ್ಕೆ ತಂತಿಯನ್ನು ಮೆಲ್ಲನೆ ಮುಟ್ಟಿ ಹೊರಡಿಸಿದ ಸ್ವರವೂ ಅಲ್ಲಿಯೇ ಒತ್ತಿ ನುಡಿಸಿದ ಸ್ವರವೂ ಒಂದೇ ಆಗಿರಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ನೆಕ್‌ನಿಂದ ದೂರಕ್ಕೆ, ಇಳಿದಿದ್ದರೆ ಹತ್ತಿರಕ್ಕೆ ಸರಿಸಿ. 1957ಕ್ಕಿಂತ ಹಿಂದಿನ ಪ್ರಿಸಿಷನ್ ಬೇಸ್‌ನಲ್ಲಿ ಎರಡು ತಂತಿಗೆ ಒಂದೇ ಸ್ಯಾಡಲ್. ಆದ್ದರಿಂದ ಎರಡಕ್ಕೂ ಒಪ್ಪುವ ನಡುವಿನ ಜಾಗವನ್ನು ಹುಡುಕಬೇಕಾಗುತ್ತದೆ.

ವಿದ್ಯುತ್ ಭಾಗ: ಜೀವದ ಪ್ರಶ್ನೆ

ಗುಂಡಿಯ ಕರಕರ ಸದ್ದಿಗೆ ಮೊದಲ ಮದ್ದು ಅದನ್ನು ಇಪ್ಪತ್ತು ಮೂವತ್ತು ಬಾರಿ ತಿರುಗಿಸುವುದು. ಅದರಿಂದಾಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರನ್ನು ಒಳಗೆ ಸ್ವಲ್ಪವೇ ಸಿಂಪಡಿಸಿ. ಅದು ವಾದ್ಯದ ಬಣ್ಣಕ್ಕೆ ತಾಗಬಾರದು. ಹಳೆಯ ಬೆಸುಗೆಯನ್ನು ಕಾರಣವಿಲ್ಲದೆ ಬಿಚ್ಚಬೇಡಿ. ಗುಂಡಿಯ ಕೆಳಗಿನ ಲೋಹದ ಭಾಗದಲ್ಲಿ ಒಂದು ಸಂಖ್ಯೆ ಒತ್ತಿರುತ್ತದೆ. ಉದಾಹರಣೆಗೆ 1376510 ಎಂದಿದ್ದರೆ, 137 ತಯಾರಕರ ಗುರುತು, 65 ಎಂದರೆ 1965, 10 ಎಂದರೆ ಆ ವರ್ಷದ ಹತ್ತನೆಯ ವಾರ. ಗುಂಡಿ ಮೂಲದ್ದೇ ಆಗಿದ್ದರೆ ವಾದ್ಯ ಅದಕ್ಕಿಂತ ಹಳೆಯದಲ್ಲ ಎಂದು ತಿಳಿಯಬಹುದು.

ತಂತಿ ಮುಟ್ಟಿದಾಗ 'ಹಂ' ಎಂಬ ಗುಂಯ್ಗುಡುವಿಕೆ ಕಡಿಮೆಯಾದರೆ ಅದು ಸಹಜ. ಆದರೆ ತಂತಿ ಹಿಡಿದುಕೊಂಡು ಮೈಕಿಗೆ ತುಟಿ ತಾಗಿದಾಗ ಜುಮ್ಮೆನಿಸಿದರೆ ಅಲ್ಲಿಗೇ ನಿಲ್ಲಿಸಿ. ದೋಷ ಸಾಮಾನ್ಯವಾಗಿ ಗಿಟಾರಿನದ್ದಲ್ಲ. ಆಂಪ್ಲಿಫೈಯರ್, ಧ್ವನಿವರ್ಧಕ ಅಥವಾ ಸಭಾಭವನದ ಅರ್ತಿಂಗ್ ಕೆಟ್ಟಿರುತ್ತದೆ. ಎಲೆಕ್ಟ್ರಿಷಿಯನ್ ಪರಿಶೀಲಿಸುವ ತನಕ ನುಡಿಸಬಾರದು. ಸದ್ದು ಕಡಿಮೆಯಾಗಲೆಂದು ಪ್ಲಗ್ಗಿನ ಅರ್ತ್ ಪಿನ್ ತೆಗೆಯುವುದು ಪ್ರಾಣಕ್ಕೇ ಕುತ್ತು. ಅಮೆರಿಕದಿಂದ ತಂದ ಹಳೆಯ ಆಂಪ್ಲಿಫೈಯರ್ 120 ವೋಲ್ಟಿನದ್ದಾದರೆ ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸದೆ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬಳಸಿ.

ಕರಾವಳಿಯ ಹವೆಯಲ್ಲಿ

ಬೆವರು, ಉಪ್ಪು ಗಾಳಿ ಮತ್ತು ಮಳೆಗಾಲದ ತೇವ ನಮ್ಮಲ್ಲಿ ಈ ವಾದ್ಯದ ದೊಡ್ಡ ಶತ್ರುಗಳು. ನುಡಿಸಿದ ಬಳಿಕ ಪ್ರತಿ ಸಲವೂ ತಂತಿ ಮತ್ತು ಬ್ರಿಡ್ಜನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಆಗಾಗ ಬದಲಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ, ನೆಲದಿಂದ ಮೇಲಿಡಿ. ವಾರಕ್ಕೊಮ್ಮೆ ತೆರೆದು ನೋಡಿ. ಮಳೆಗಾಲದ ಮೊದಲು ಮತ್ತು ನಂತರ ನೆಕ್‌ನ ಬಾಗನ್ನು ಅಳೆಯಿರಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.

ಹಳೆಯ ಫೆಂಡರ್‌ಗಳ ಮೇಲಿರುವ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಹಳ ಸೂಕ್ಷ್ಮ. ಥಿನ್ನರ್, ಸ್ಪಿರಿಟ್ ತಾಗಿದರೆ ಕರಗುತ್ತದೆ. ಸ್ಟ್ಯಾಂಡಿನ ರಬ್ಬರ್ ತಾಗಿದಲ್ಲಿಯೂ ಕಲೆ ಬೀಳುತ್ತದೆ. ಅಲ್ಲಿ ಹತ್ತಿ ಬಟ್ಟೆ ಸುತ್ತಿ.

ಬಣ್ಣದಲ್ಲಿ ಗೀರು, ಬಿರುಕು ಇದ್ದರೆ ಇರಲಿ. ಮೂಲ ಬಣ್ಣ ತೆಗೆದು ಹೊಸದು ಬಳಿದರೆ ಹಳೆಯ ವಾದ್ಯದ ಬೆಲೆ ಅರ್ಧಕ್ಕೆ ಇಳಿಯುವುದು ಸಾಮಾನ್ಯ. ಅನಿವಾರ್ಯವಾಗಿ ಬದಲಿಸಿದ ಭಾಗವನ್ನು ಎಸೆಯದೆ, ಚೀಟಿ ಬರೆದು ಪೆಟ್ಟಿಗೆಯಲ್ಲಿಯೇ ಇಡಿ. ಅಳತೆ ಬರೆದ ಪುಸ್ತಕವೂ ಅದರ ಜೊತೆಗಿರಲಿ. ಇಂದು ನುಡಿಸುವವರು ನಾಳೆ ಕೆಲಸಕ್ಕೆಂದು ಪರವೂರಿಗೆ ಹೋಗಬಹುದು. ವಾದ್ಯ ಕೈಗೆತ್ತಿಕೊಳ್ಳುವ ಮುಂದಿನವರಿಗೆ ಆ ಪುಸ್ತಕವೇ ಗುರು.