ಮಕ್ಕಳ ಹಲ್ಲು, ಹಿರಿಯರ ಮನಸ್ಸು

“ಹಾಲುಹಲ್ಲು ತಾನೆ? ಹೇಗೂ ಬಿದ್ದುಹೋಗುವುದು. ಅದಕ್ಕೇಕೆ ಸಿಮೆಂಟು ತುಂಬಿಸಬೇಕು?” ಈ ಮಾತನ್ನು ಕೇಳದ ದಂತವೈದ್ಯರು ದಾವಣಗೆರೆಯ ಸೀಮೆಯಲ್ಲಿ ಇರಲಾರರು. 1979ರಲ್ಲಿ ಬಾಪೂಜಿ ದಂತ ಮಹಾವಿದ್ಯಾಲಯವು ಸ್ಥಾಪಿತವಾದಂದಿನಿಂದ ಆ ಪಟ್ಟಣವು ದಂತವಿದ್ಯೆಗೆ ಹೆಸರಾಗಿದೆ. ಆದರೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ತಾಯ್ತಂದೆಗಳು ಮಗುವನ್ನು ಕರೆದುಕೊಂಡು ಬಸ್ಸು ಹತ್ತುವುದು ಅನೇಕ ವೇಳೆ ನೋವು ಮನೆಮಂದಿಯ ನಿದ್ದೆಯನ್ನೆಲ್ಲ ಕೆಡಿಸಿದ ಮೇಲೆಯೇ. ನಗರವಾಸಿಗಳಾದ ನಾವೂ ಈ ವಿಷಯದಲ್ಲಿ ಹೆಚ್ಚು ಜಾಣರೇನಲ್ಲ.

ಮೊದಲು ಲೆಕ್ಕವನ್ನು ನೋಡೋಣ. ಹಾಲುಹಲ್ಲುಗಳು 20. ಅವುಗಳಲ್ಲಿ ಹಿಂದಿನ ದವಡೆಹಲ್ಲುಗಳು ಬೀಳುವುದು 10ರಿಂದ 12ನೆಯ ವಯಸ್ಸಿನಲ್ಲಿ. ನಾಲ್ಕನೆಯ ವರ್ಷದಲ್ಲಿ ಹುಳುಕಾದ ಹಲ್ಲು ಇನ್ನೂ ಆರೇಳು ವರ್ಷ ಅಗಿಯುವ ಕೆಲಸವನ್ನು ಮಾಡಬೇಕಾಗಿದೆ. ಮೇಲಾಗಿ, ಕೆಳಗಿನಿಂದ ಬರುವ ಶಾಶ್ವತ ಹಲ್ಲಿಗೆ ಎಡೆಯನ್ನು ಕಾದಿರಿಸಬೇಕಾಗಿದೆ. ಅಕಾಲದಲ್ಲಿ ಅದನ್ನು ಕಿತ್ತರೆ ನೆರೆಯ ಹಲ್ಲುಗಳು ಆ ಎಡೆಗೆ ವಾಲುತ್ತವೆ.

‘ಹುಳುಕು’ ಎಂಬ ಮಾತಿನಲ್ಲಿಯೇ ಒಂದು ಹುಳು ಅಡಗಿ ಕುಳಿತಿದೆ. ವಾಸ್ತವವಾಗಿ ಹಲ್ಲಿನಲ್ಲಿ ಹುಳುವಿಲ್ಲ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯಿಂದ ಆಮ್ಲವನ್ನುಂಟುಮಾಡುತ್ತವೆ. ಆ ಆಮ್ಲವು ಹಲ್ಲನ್ನು ಕರಗಿಸುತ್ತದೆ. ಕೊಳೆತ ಭಾಗವನ್ನು ತೆಗೆದು ಗುಳಿಯನ್ನು ಮುಚ್ಚುವುದೇ ಇದಕ್ಕೆ ಪರಿಹಾರ.

ಯಾವುದರಿಂದ ಮುಚ್ಚುವುದು? ಇಲ್ಲಿಯೇ ಮಕ್ಕಳ ಮನಸ್ಸೂ ಹಿರಿಯರ ಮನಸ್ಸೂ ಬೇರೆಯಾಗುತ್ತವೆ. ತಾಯ್ತಂದೆಗಳು ಕೇಳುವುದು ವೆಚ್ಚವನ್ನು, ಬಾಳಿಕೆಯನ್ನು, ಬಣ್ಣವನ್ನು. ಮಗು ಕೇಳುವುದು ಒಂದೇ ಪ್ರಶ್ನೆ: “ನೋಯುತ್ತದೆಯೇ?” ಹಲ್ಲು ಕೊರೆಯುವ ಯಂತ್ರದ ಸದ್ದು ಅದಕ್ಕೆ ನೋವಿಗಿಂತಲೂ ದೊಡ್ಡ ಭಯ.

ಹಳೆಯ ‘ಬೆಳ್ಳಿ’ ತುಂಬುವಿಕೆಯಲ್ಲಿ ತೂಕದ ಸುಮಾರು ಅರ್ಧಭಾಗ ಪಾದರಸ. ಉಳಿದುದು ಬೆಳ್ಳಿ, ತವರ, ತಾಮ್ರ. ಗಟ್ಟಿಯಾದುದು, ಆದರೆ ಕಪ್ಪು. ಪಾದರಸವನ್ನು ಕುರಿತ ಮಿನಮಾಟಾ ಒಪ್ಪಂದವನ್ನು ಭಾರತವು 2018ರಲ್ಲಿ ಅನುಮೋದಿಸಿತು. ವೈದ್ಯರು ಅವಶ್ಯವೆಂದು ಭಾವಿಸಿದ ಹೊರತು ಹಾಲುಹಲ್ಲುಗಳಿಗೂ 15 ವರ್ಷದೊಳಗಿನವರಿಗೂ ಇದನ್ನು ಬಳಸಬಾರದೆಂಬ ದಿಕ್ಕಿನಲ್ಲಿ 2022ರಲ್ಲಿ ಆ ಒಪ್ಪಂದವು ತಿದ್ದುಪಡಿಯಾಯಿತು. ಹಾಗೆಂದು, ಭದ್ರವಾಗಿರುವ ಹಳೆಯ ತುಂಬುವಿಕೆಯನ್ನು ಹೆದರಿ ಕೀಳಿಸತಕ್ಕದ್ದಲ್ಲ. ಕೀಳುವಾಗಲೇ ಪಾದರಸದ ಆವಿ ಹೆಚ್ಚು ಹೊರಡುತ್ತದೆ.

ಹಲ್ಲಿನ ಬಣ್ಣದ ರಾಳವನ್ನು ನೀಲಿ ಬೆಳಕಿನಿಂದ ಗಟ್ಟಿಮಾಡುತ್ತಾರೆ. ಇದು ಚೆಲುವಾದುದು, ಆದರೆ ತುಂಬುವಾಗ ಹಲ್ಲು ಒಣಗಿರಬೇಕು. ಹೊರಳಾಡುವ ಮಗುವಿನ ಬಾಯಲ್ಲಿ ಇದು ಸುಲಭವಲ್ಲ. ಮೂರನೆಯದು, ವಿಲ್ಸನ್ ಮತ್ತು ಕೆಂಟ್ ಎಂಬ ಆಂಗ್ಲ ವಿಜ್ಞಾನಿಗಳು 1972ರಲ್ಲಿ ಪ್ರಕಟಪಡಿಸಿದ ಗಾಜಿನ ಸಿಮೆಂಟು. ಇದು ಹಲ್ಲಿಗೆ ತಾನಾಗಿ ಅಂಟುತ್ತದೆ, ಫ್ಲೋರೈಡನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಆದರೆ ಬೇಗ ಸವೆಯುತ್ತದೆ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ರೂಪುಗೊಂಡ ಪದ್ಧತಿಯಂತೆ, ಯಂತ್ರವಿಲ್ಲದೆ ಕೈಯುಪಕರಣಗಳಿಂದಲೇ ಕೊಳೆತುದನ್ನು ತೆಗೆದು ಇಂಥ ಸಿಮೆಂಟನ್ನು ತುಂಬಬಹುದು. ಅಂಜುವ ಮಗುವಿಗೂ ವಿದ್ಯುತ್ತಿಲ್ಲದ ಹಳ್ಳಿಗೂ ಇದು ವರವೇ ಸರಿ.

ಜಗಳೂರಿನ ಬಯಲುಸೀಮೆಯಲ್ಲಿ ಮತ್ತೊಂದು ತೊಡಕುಂಟು. ಅಲ್ಲಿಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಅಂಥ ನೀರನ್ನು ಕುಡಿದ ಮಕ್ಕಳ ಹಲ್ಲಿನಲ್ಲಿ ಕಂದುಬಣ್ಣದ ಕಲೆಗಳು ನಿಲ್ಲುತ್ತವೆ. ಕಲೆ ಬೇರೆ, ಹುಳುಕು ಬೇರೆ. ಎರಡನ್ನೂ ಒಂದೆಂದು ಬಗೆದು “ನೀರಿನ ದೋಷ, ಮಾಡುವುದೇನು?” ಎಂದು ಕೈಚೆಲ್ಲುವುದು ತಪ್ಪು.

ಇಷ್ಟೆಲ್ಲ ಹೇಳುವ ನಾವೇ ಎಡವಿದೆವೆಂಬುದನ್ನು ಒಪ್ಪಿಕೊಳ್ಳಬೇಕು. ಆರನೆಯ ವರ್ಷದಲ್ಲಿ, ಯಾವ ಹಲ್ಲೂ ಬೀಳದೆಯೇ, ಹಾಲುಹಲ್ಲುಗಳ ಹಿಂದೆ ಮೊದಲನೆಯ ಶಾಶ್ವತ ದವಡೆಹಲ್ಲು ಮೂಡುತ್ತದೆ. ನಮ್ಮ ಮಗನಿಗೆ ಅದು ಹುಳುಕಾದಾಗ ಹಾಲುಹಲ್ಲೆಂದೇ ತಿಳಿದು ಸುಮ್ಮನಿದ್ದೆವು. ಒಂಬತ್ತನೆಯ ವರ್ಷದಲ್ಲಿ ಅದನ್ನು ಕೀಳಿಸಬೇಕಾಯಿತು. “ಇದು ಮತ್ತೆ ಯಾವಾಗ ಬರುತ್ತದೆ, ಅಪ್ಪಾ?” ಎಂದು ಅವನು ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ.

ಆದುದರಿಂದ, ಆರು ತುಂಬಿದ ಮಗು ಮನೆಯಲ್ಲಿದ್ದರೆ ಈ ರಾತ್ರಿಯೇ ದೀಪ ಹಿಡಿದು ಅದರ ಬಾಯನ್ನೊಮ್ಮೆ ನೋಡಿರಿ. ಕೊನೆಯ ಹಲ್ಲಿನಲ್ಲಿ ಕಪ್ಪುಗುಳಿ ಕಂಡರೆ, ಯಾವ ವಸ್ತುವನ್ನು ತುಂಬಿಸಬೇಕೆಂಬ ಚರ್ಚೆಯನ್ನು ವೈದ್ಯರೊಡನೆ ನಡೆಸಬಹುದು. ತುಂಬಿಸಬೇಕೇ ಬೇಡವೇ ಎಂಬ ಚರ್ಚೆ ಮಾತ್ರ ಬೇಡ.